ನೀರಿಗೆ ಕೆಲಸ ಹಚ್ಚುವ ಪರಸವ್ವ

ತಿಕೋಟಾದ ನಮ್ಮ ಓಣಿಯಲ್ಲಿ ಪರಸವ್ವನ ಕಣ್ಣು ತಪ್ಪಿಸಿ ಒಂದು ಚೆಂಬು ನೀರು ನೆಲಕ್ಕೆ ಬಿದ್ದದ್ದಿಲ್ಲ. ಅವಳ ಮನೆಯಲ್ಲಿ ಕಾಯಿಪಲ್ಲೆ ತೊಳೆದ ನೀರು ಪಾತ್ರೆ ತೊಳೆಯಬೇಕು, ಪಾತ್ರೆ ತೊಳೆದ ನೀರು ಎಮ್ಮೆಯ ಹೊಟ್ಟೆ ಸೇರಬೇಕು. ಉಂಡ ಬೀಗರು ಬಾಯಿ ಮುಕ್ಕಳಿಸಲು ಎದ್ದರೆ, "ಯಪ್ಪಾ, ಈ ಕಡೆ ಬರ್ರಿ, ಕರಿಬೇವಿನ ಬುಡಕ್ಕ ಉಗುಳ್ರಿ" ಎಂದು ತೋಳು ಹಿಡಿದು ಎಳೆಯುವಳು. ಮಳೆ ಬಂದರೂ, "ಬರೇ ಸುರದ್ರ ಏನ ಬಂತು?" ಎಂದು ಮೋಡವನ್ನೇ ಗದರುವಳು. "ಮೊದಲ ನೀರಿಗೆ ಕೆಲಸಾ ಹಚ್ಚರಿ, ಆಮ್ಯಾಲ ಚೆಲ್ಲರಿ" ಎಂಬುದು ಅವಳ ಒಂದೇ ಉಪದೇಶ. ನಯೇ ಪೈಸೆಯ ಹೊಸ ನಾಣ್ಯ ಬಂದ ವರ್ಷ ಓಣಿಯವರೆಲ್ಲ ಲಾರಿ ಹತ್ತಿ, ನದಿಯ ಬಲದಿಂದ ನಡೆಯುವ ಹಳೆಯ ನೂಲಿನ ಗಿರಣಿಯೊಂದನ್ನು ನೋಡಲು ಗೋಕಾಕದ ಕಡೆ ಹೋದೆವು. ಧುಮ್ಮಿಕ್ಕುವ ನದಿಯನ್ನು ಕಂಡದ್ದೇ ಪರಸವ್ವ ಕಾವಲುಗಾರನನ್ನು ಹಿಡಿದಳು. "ಯಾರಪಾ ಇದನ್ನ ಹಿಂಗ ಬಿಟ್ಟಾವ್ರು?" ಅವನು ನಕ್ಕು ಕೆಳಗಿನ ಕಾಲುವೆ ತೋರಿಸಿದ. "ಅದನ್ನ ನೋಡ್ರಿ ಯವ್ವಾ, ಗಿರಣಿ ಚಕ್ರಾ ತಿರಿವಿ ಬಂದ ನೀರು." "ದುಡದು ಬಂದೈತೇನ?" "ಹಗಲೂ ರಾತ್ರಿ ದುಡೀತೈತ್ರಿ." ಪರಸವ್ವ ಚೆಂಬು ಹಿಡಿದು ಕಾಲುವೆಯ ಮೆಟ್ಟಿಲಿಳಿದಳು. ಹಿಂದೆ ಅವಳ ಸೊಸೆ ಮಾಳವ್ವ, ತಲೆ ತುಂಬ ದಾರಿಯ ಧೂಳು ಹೊತ್ತು, ನೀರನ್ನೇ ನೋಡುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಆ ಮೊಣಕಾಲುದ್ದದ ಕೂದಲಿಗೆ ಮನದಣಿಯೆ ನೀರೆರೆದುಕೊಂಡವಳಲ್ಲ. ಅತ್ತೆಯನ್ನು ಕೇಳುವ ಧೈರ್ಯವೂ ಇರಲಿಲ್ಲ. "ಕುಂಡ್ರ ಬಾ ಬೇ" ಎಂದು ಪರಸವ್ವ ತಾನೇ ಅವಳ ಹೆರಳು ಬಿಚ್ಚಿ, ಚೆಂಬಿನ ಮೇಲೆ ಚೆಂಬು ಸುರಿದಳು. "ಅತ್ತಿ, ಸಾಕ್ರಿ" ಎಂದು ಹುಡುಗಿ ಉಸಿರು ಕಟ್ಟಿ ನಕ್ಕಳು. "ಸುಮ್ಮ ಕುಂಡ್ರ. ಪಾಪ, ದುಡದು ಬಂದೈತಿ, ಇನ್ನ ಒಂದೀಟ ಆಡ್ಲಿ."