ಒಂದೇ ಮಾತು ಉಳಿದ ಬಾಯಿ

ಪ್ರಾರ್ಥನೆಯ ನಡುವೆ ನಮ್ಮ ಯಜಮಾನರು ಸುಮ್ಮನಾದರು.

ನಾವೆಲ್ಲ ಕಣ್ಣು ಮುಚ್ಚಿ ಮೊಣಕಾಲೂರಿದ್ದೆವು. ಎಮ್ಮಿಗನೂರಿನ ನಮ್ಮ ಸಣ್ಣ ಚರ್ಚು, ತಗಡಿನ ಮಾಡು, ಭಾನುವಾರದ ಬಿಸಿಲು. ನಮ್ಮ ಸಭೆಯಲ್ಲಿ ಉಪದೇಶಿಗಳು "ಆಮೆನ್" ಅನ್ನುವ ತನಕ ಯಾರೂ ಕಣ್ಣು ತೆರೆಯುವ ಹಾಗಿಲ್ಲ. ತೆರೆದರೆ ಪಕ್ಕದವರು ಚಿವುಟುತ್ತಾರೆ. ಕಣ್ಣು ಮುಚ್ಚಿದವರಿಗೆ ಅದು ಹೇಗೆ ಗೊತ್ತಾಗುತ್ತದೋ, ಅದು ಬೇರೆ ಮಾತು. ಆ ಉಪದೇಶಿ ನನ್ನ ಗಂಡ, ಯಾಕೋಬಪ್ಪ. ಪ್ರಾರ್ಥಿಸುವಾಗ ಗಂಟಲು ಕಟ್ಟಿ ಆಗಾಗ ನಿಲ್ಲಿಸುವುದು ಅವರ ರೂಢಿ. ಹಾಗಾಗಿ ಆವತ್ತೂ ಪವಿತ್ರಾತ್ಮನ ಕೆಲಸ ಅಂದುಕೊಂಡೆವು. ಹಿಂದಿನಿಂದ ಯಾರೋ "ಸ್ತೋತ್ರ, ಸ್ತೋತ್ರ" ಅಂದರು. ಕಾದೆವು. ಇನ್ನೂ ಕಾದೆವು.

ಆಮೇಲೆ ಅವರ ಬಾಯಿಂದ ಒಂದು ಮಾತು ಬಂತು.

"ಬೋಳಿಮಗನ!"

ನಾನು ಕಣ್ಣು ತೆರೆದೆ. ಅವರು ಮೇಜಿನ ಮೇಲೆ ಬಲಕ್ಕೆ ವಾಲಿ ಬಿದ್ದಿದ್ದರು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಜೊಲ್ಲು ಬಿಳಿ ಅಂಗಿಯ ಮೇಲೆ ಇಳಿಯುತ್ತಿತ್ತು.

ಆ ಮಾತನ್ನು ನಾನು ಬರೆಯಬಾರದಿತ್ತು. ಆದರೆ ಬರೆಯದಿದ್ದರೆ ಓದುವವರು ಇದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ಅವರು ಯಶವಂತನಗರದಲ್ಲಿ ಅದಿರಿನ ಲಾರಿ ಡ್ರೈವರ್ ಆಗಿದ್ದರು. ಗಣಿಯಿಂದ ಹೊಸಪೇಟೆ ಸ್ಟೇಷನ್ನಿಗೆ ಲೋಡು. ಆಗ ಗೇರ್ ಬದಲಿಸಿದರೂ ಅದೇ ಮಾತು, ಟೀ ತಣ್ಣಗಿದ್ದರೂ ಅದೇ ಮಾತು. ದೀಕ್ಷಾಸ್ನಾನ ಆದ ದಿನವೇ ಅದನ್ನು ಬಿಟ್ಟರು. ಬೀಡಿ ಬಿಡುವುದಕ್ಕೆ ಇನ್ನೂ ಸ್ವಲ್ಪ ಕಾಲ ಹಿಡಿಯಿತು, ಆ ಮಾತು ಮಾತ್ರ ಅವತ್ತೇ ಹೋಯಿತು. ಲಾರಿ ಬಿಟ್ಟು ಉಪದೇಶಿಯಾಗಿ ಈ ಊರಿಗೆ ಬಂದ ಮೇಲೆ ಎತ್ತು ಕಾಲು ತುಳಿದಾಗಲೂ "ಕರ್ತನೇ" ಅಂದ ಮನುಷ್ಯ ಅವರು.

ಭತ್ತದ ಮೂಟೆ ಇಳಿಸಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಲಗಿಸಿದರು. ಕಂಪ್ಲಿ, ಅಲ್ಲಿಂದ ಹೊಸಪೇಟೆಯ ಆಸ್ಪತ್ರೆ. ದಾರಿಯುದ್ದಕ್ಕೂ ಕಾಲುವೆ ತುಂಬಿ ಹರಿಯುತ್ತಿತ್ತು, ಗದ್ದೆಯಲ್ಲಿ ನಾಟಿಯ ಹೆಂಗಸರು ನಗುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು.

"ಸ್ಟ್ರೋಕ್ ಆಗಿದೆಯಮ್ಮ," ಅಂದರು ಡಾಕ್ಟರು. "ಬಿಪಿ ತುಂಬ ಇತ್ತು. ಬಲಗೈ, ಬಲಗಾಲಿಗೆ ಶಕ್ತಿ ಇಲ್ಲ. ಮಾತಿನ ಭಾಗಕ್ಕೂ ಪೆಟ್ಟು ಬಿದ್ದಿದೆ."

"ನಾವು ಮಾತಾಡಿದ್ದು ತಿಳಿತೈತೇನ್ರಿ ಅವರಿಗೆ?"

"ಎಲ್ಲಾ ತಿಳಿಯುತ್ತೆ. ಹೇಳೋಕೆ ಬರಲ್ಲ."

"ಮತ್ತ ಆ ಬೈಗುಳ ಹೆಂಗ ಬರ್ತೈತ್ರಿ?"

ಡಾಕ್ಟರು ಸ್ಟೆತಾಸ್ಕೋಪನ್ನು ಕುತ್ತಿಗೆಯಿಂದ ತೆಗೆದರು. "ಬೈಗುಳ ಇರೋ ಜಾಗ ತಲೆಯಲ್ಲಿ ಬೇರೆ. ಕೆಲವು ಪೇಶಂಟ್‌ಗಳಿಗೆ ಅದೊಂದೇ ಉಳಿಯುತ್ತೆ. ಅವರು ಬೈತಾ ಇಲ್ಲಮ್ಮ. ಬೇರೆ ಏನೋ ಹೇಳೋಕೆ ಹೋಗ್ತಾರೆ, ಇದು ಬರುತ್ತೆ."

ನೀರು ಬೇಕಾದರೂ ಬೋಳಿಮಗನ. ನರ್ಸಮ್ಮ ಇಂಜೆಕ್ಷನ್ ಕೊಟ್ಟು ಹೋಗುವಾಗ ಕೈಯೆತ್ತಿ ಉಪಕಾರ ಹೇಳಿದರೂ ಬೋಳಿಮಗನ. ಆಕೆ ಮುಖ ಕೆಂಪಗೆ ಮಾಡಿಕೊಂಡು ಹೋದಳು. ನಾನು ಹಿಂದೆ ಓಡಿ ಕೈಮುಗಿದು ತಿಳಿಸಿ ಹೇಳಿದೆ. ಸಂಜೆ ನಾನು ಮಂಚದ ಕಾಲಿಗೆ ಒರಗಿ ಅಳುತ್ತಿದ್ದಾಗ ಅವರು ಎಡಗೈಯಿಂದ ನನ್ನ ತಲೆ ಸವರಿದರು. ಅದೇ ಮಾತು ಅಂದರು. ಅಷ್ಟು ಮೆತ್ತಗೆ ನನ್ನನ್ನು ಯಾರೂ ಬೈದಿರಲಿಲ್ಲ.

ಆದರೆ ಅವರಿಗೆ ತಮ್ಮ ಮಾತು ಕೇಳಿಸುತ್ತಿತ್ತು. ಅದೇ ನರಕ. ಬಾಯಿಂದ ಬಿದ್ದ ಕೂಡಲೇ ಕಣ್ಣು ಗಟ್ಟಿಯಾಗಿ ಮುಚ್ಚುತ್ತಿದ್ದರು, ಎಡ ಅಂಗೈಯಿಂದ ಬಾಯಿ ಒತ್ತಿ ಹಿಡಿಯುತ್ತಿದ್ದರು. ಸಾಯುವವರ ಹತ್ತಿರ, ಹೆರುವವರ ಹತ್ತಿರ, ಕೋರ್ಟಿಗೆ ಹೋಗುವವರ ಹತ್ತಿರ ಕೂತು ಪ್ರಾರ್ಥಿಸಿದ ಬಾಯಿ ಅದು. ಆ ಬಾಯಿ ನಂಬಿಕೊಂಡು ನಾವು ಬದುಕಿದ್ದೆವು.

ಊರಿಗೆ ಕರೆತಂದ ಮೇಲೆ ಸಭೆಯ ಹಿರಿಯ ಸಮುವೇಲಪ್ಪ ಬಂದರು. ಕೆಟ್ಟ ಮನುಷ್ಯರಲ್ಲ. ಟವಲು ಮಡಿಚುತ್ತಾ, ಬಿಚ್ಚುತ್ತಾ ಬಹಳ ಹೊತ್ತು ಕೂತರು.

"ಅಮ್ಮಾರ, ಸ್ವಲ್ಪ ದಿನ ಅಯ್ಯನವ್ರು ಚರ್ಚಿಗೆ ಬರೋದು ಬ್ಯಾಡ್ರಿ. ಹುಡುಗ್ರು ಕೇಳ್ತಾವು. ಪ್ರಭು ಭೋಜನದ ಮುಂದ ಆ ಮಾತು ಬಂದ್ರ ಹೆಂಗ್ರಿ? ಕೆಲವ್ರು ಇದು ದುರಾತ್ಮ ಅಂತಾನೂ ಅನ್ನಾಕತ್ಯಾರ."

"ದುರಾತ್ಮ ಅಲ್ರಿ, ಬಿಪಿ!" ಎಂದು ಕಿರುಚಿದೆ.

ಒಳಗೆ ಮಂಚದ ಮೇಲೆ ಅವರು ಎಲ್ಲವನ್ನೂ ಕೇಳುತ್ತಾ ಮಲಗಿದ್ದರು.

ಅವತ್ತಿನಿಂದ ಊಟ ಬಿಟ್ಟರು.

ಆಸ್ಪತ್ರೆಯಲ್ಲಿ ಹಾಲು, ಬ್ರೆಡ್ಡು ತಿಂದವರು ಮನೆಯಲ್ಲಿ ಅನ್ನದ ಗಂಜಿ ತುಟಿಗೆ ತಾಗಿಸಿದರೆ ಹಲ್ಲು ಕಚ್ಚುತ್ತಿದ್ದರು. ಬೇಡಿಕೊಂಡೆ. ಬೈದೆ. ಮಗುವಿಗೆ ಮಾಡುವ ಹಾಗೆ ಚಮಚ ಆಡಿಸಿ ನಗಿಸಲು ನೋಡಿದೆ. ಥೂ, ನನ್ನ ಮೇಲೆ ನನಗೇ ನಾಚಿಕೆಯಾಯಿತು. ಅಂಗಿ ದೊಗಳೆಯಾಯಿತು, ಕುತ್ತಿಗೆಯ ಎಲುಬು ಎದ್ದಿತು. ಮತ್ತೆ ಹೊಸಪೇಟೆ. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಇಳಿಸಿ ನಾನು ಒಯ್ದ ಗಂಜಿ ಬಿಟ್ಟರು, ಇವರು ಕಿತ್ತೆಸೆದರು. ಶಕ್ತಿ ಉಳಿದ ಆ ಒಂದು ಕೈಯನ್ನೂ ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದರು. ಅವರು ನನ್ನನ್ನು ನೋಡಿದ ನೋಟಕ್ಕೆ ನಾನೇ ಬಿಚ್ಚಿದೆ.

"ನುಂಗೋಕೆ ಏನೂ ತೊಂದರೆ ಇಲ್ಲ," ಅಂದರು ಡಾಕ್ಟರು. "ಬೇಕಂತಲೇ ಬಿಟ್ಟಿದ್ದಾರೆ. ಹೀಗೇ ಆದರೆ ಉಳಿಯಲ್ಲಮ್ಮ."

ಉಳಿಯಲ್ಲ.

ಮತ್ತೆ ಮನೆಗೆ ಕರೆತಂದ ಮೇಲೆ ಮರಿಯಮ್ಮನಹಳ್ಳಿಯಿಂದ ನನ್ನ ಅಣ್ಣ ನೋಡಲು ಬಂದ. ಅವನು ಕ್ರೈಸ್ತನಲ್ಲ, ನಮ್ಮ ತವರಿನಲ್ಲಿ ಯಾರೂ ಅಲ್ಲ. ಬಟ್ಟೆಯಲ್ಲಿ ಜೋಳದ ರೊಟ್ಟಿ ಕಟ್ಟಿಕೊಂಡು ಬಂದಿದ್ದ. "ತಿನ್ರಿ ಮಾವ, ನಿಮ್ಮ ತಂಗಿ ಬಡದಾಳ," ಅಂದ, ಅವನ ಹೆಂಡತಿ ಇವರಿಗೆ ವರಸೆಯಲ್ಲಿ ತಂಗಿ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟ. ಇವರು ಬಾಯಿ ತೆರೆದರು. ತಿಂದರು! ಎರಡು ರೊಟ್ಟಿ ಮುಗಿಸಿದರು. ನನಗೆ ಕುಣಿಯಬೇಕೆನಿಸಿತು. ಅನ್ನ ಸೇರುತ್ತಿಲ್ಲ, ಜೋಳ ಸೇರುತ್ತದೆ, ಇಷ್ಟೇ ತಾನೇ ಅಂದುಕೊಂಡೆ. ಅಣ್ಣ ಹೋದ ಮೇಲೆ ಮಡಕೆಯಿಂದ ಅಕ್ಕಿ ಅಳೆದು ಅಂಗಡಿಗೆ ಒಯ್ದು, ಬದಲಿಗೆ ಜೋಳ ತಂದೆ, ಬೀಸಿಸಿ ರೊಟ್ಟಿ ಬಡಿದೆ. ಹಾಲಿನಲ್ಲಿ ನೆನೆಸಿ ಒಯ್ದರೆ ಮತ್ತೆ ಹಲ್ಲು ಕಚ್ಚಿದರು.

ನನ್ನ ತಲೆ ಕೆಟ್ಟಿತು. "ಏನಾಗೈತ್ರಿ ನಿಮಗ? ನನ್ನ ಕೈ ಅಡಿಗಿ ವಿಷ ಏನು?" ಎಂದು ತಟ್ಟೆ ಕುಕ್ಕಿದೆ.

ಅವರು ಎಡಗೈ ಎತ್ತಿ ಮೂಲೆಯ ಅಕ್ಕಿ ಮಡಕೆ ತೋರಿಸಿದರು. ಆಮೇಲೆ ತಮ್ಮ ಬಾಯಿ ತೋರಿಸಿದರು. ಇಲ್ಲ ಎಂದು ತಲೆ ಆಡಿಸಿದರು. ಅದೇ ಮಾತು ಅಂದು ಗೊಳೋ ಎಂದು ಅತ್ತರು.

ಆಗ ತಿಳಿಯಿತು. ನಮ್ಮ ಸಭೆಯಲ್ಲಿ ಹಿಡಿ ಅಕ್ಕಿ ಎಂಬ ಪದ್ಧತಿ ಇದೆ. ಪ್ರತಿ ಮನೆಯ ಹೆಂಗಸು ಒಲೆಯ ಮೇಲೆ ಎಸರಿಟ್ಟಾಗ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾಳೆ, ಹಾಕುವಾಗ ಮನೆಯವರ ಹೆಸರು ಹೇಳಿಕೊಳ್ಳುತ್ತಾಳೆ. ಭಾನುವಾರ ಅದು ಉಪದೇಶಿಯ ಮನೆಗೆ ಬರುತ್ತದೆ. ನಮಗಾಗಿ ಪ್ರಾರ್ಥಿಸುವವರು ಉಪವಾಸ ಇರಬಾರದು ಅಂತ. ನಾಟಿ ಮಾಡಿ ಬೆನ್ನು ಬಗ್ಗಿದವರ ಅಕ್ಕಿ ಅದು. ಇವರು ಪ್ರತಿ ಸಲ ಚೀಲ ತೂಗಿ ನೋಡದೆ, ಆ ಮನೆಗಳ ಹೆಸರು ಹೇಳಿ ಪ್ರಾರ್ಥಿಸಿಯೇ ಮಡಕೆಗೆ ಸುರಿಯುತ್ತಿದ್ದರು. ಈಗ ಹೆಸರು ಹೇಳಲು ಬಾಯಿ ಇಲ್ಲ. ಪ್ರಾರ್ಥಿಸಲಾರದವನು ಆ ಅಕ್ಕಿ ಹೇಗೆ ತಿಂದಾನು? ಅದನ್ನು ಕೊಟ್ಟು ತಂದ ಜೋಳವೂ ಅದೇ ಅಕ್ಕಿ. ಅಣ್ಣ ಮರಿಯಮ್ಮನಹಳ್ಳಿಗೆ ಕರೆದಿದ್ದ, ಅದಕ್ಕೂ ಇವರು ತಲೆ ಆಡಿಸಿದ್ದರು. ಸಭೆ ಬಿಟ್ಟು ಹೋಗಲಾರರು, ಸಭೆಯದು ತಿನ್ನಲಾರರು. ಸಾಯುವುದೊಂದೇ ಬಾಕಿ.

ಮಧ್ಯಾಹ್ನ ಖಾಲಿ ಚರ್ಚಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಎಂದೂ ಬಾಯಿಬಿಟ್ಟು ಪ್ರಾರ್ಥಿಸಿದವಳಲ್ಲ. ಮನೆಯಲ್ಲಿ ಅಂಥ ಬಾಯಿ ಇರುವಾಗ ನನ್ನದೇಕೆ ಬೇಕಿತ್ತು? ಅವರ ಬೋಧನೆಯೆಲ್ಲ ಒಂದೇ ಸಂಗತಿಯ ಸುತ್ತ ಇರುತ್ತಿತ್ತು. ತಂದೆಯ ಬಲಗಡೆ ನಮಗಾಗಿ ಬೇಡಿಕೊಳ್ಳುವ ಯಾಜಕನೊಬ್ಬ ಇದ್ದಾನೆ, ಅವನು ನಮ್ಮ ಬಲಹೀನತೆ ಅರಿತವನು. "ಸಂಡೂರು ಘಾಟಿ ಇಳಿಯೋವಾಗ ಬ್ರೇಕ್ ಹಿಡೀದಿದ್ರ ಹೆಂಗ ಆಕ್ಕೈತಿ ಅಂತ ಆಫೀಸಿನ್ಯಾಗ ಕುಂತವಗ ಗೊತ್ತಿಲ್ಲ, ಇಳಿದವಗ ಗೊತ್ತು. ಈತ ಇಳಿದವ," ಅನ್ನುತ್ತಿದ್ದರು.

ಅವನನ್ನೇ ತರಾಟೆಗೆ ತೆಗೆದುಕೊಂಡೆ.

"ನೀನು ಹಸದಿ, ದಣದಿ, ಅತ್ತಿ, ಒಪ್ಪಿದೆ. ನಿನ್ನ ನಾಲಿಗಿ ಯಾವತ್ತಾದ್ರೂ ಬಿದ್ದಿತ್ತೇನು? ಒಂದು ಹೇಳಾಕ ಹೋಗಿ ಹೊಲಸು ಮಾತು ಬಂದಿತ್ತೇನು? ನಿನಗ ಹೆಂಡ್ತಿ ಇದ್ದಿಲ್ಲ. ಉಣ್ಣಲಾರದ ಗಂಡನ ಮುಂದ ತಟ್ಟಿ ಹಿಡಕೊಂಡು ಕುಂದ್ರೋದು ನಿನಗೇನು ಗೊತ್ತು? ಏನು ಗೊತ್ತು ನಿನಗ?"

ಗಂಟಲು ಹರಿಯುವ ತನಕ ಕೂಗಿದೆ. ತಗಡು ಕಾದು ಚಟಚಟ ಅನ್ನುತ್ತಿತ್ತು. ಶಿಲುಬೆ ಕಣ್ಣಿಗೆ ಬಿತ್ತು. ಅವನೂ ಕೊನೆಗೆ ಅಲ್ಲಿ ಚಂದದ ಪ್ರಾರ್ಥನೆ ಮಾಡಲಿಲ್ಲವಲ್ಲ, ಯಾಕೆ ಕೈಬಿಟ್ಟೆ ಎಂದು ಅಪ್ಪನ ಮೇಲೆ ಕೂಗಿದನಲ್ಲ ಎಂದು ನೆನಪಾಯಿತು. ಸಮಾಧಾನ ಆಯಿತೆಂದರೆ ಸುಳ್ಳಾದೀತು. ಕೂಗುವುದು ಮಾತ್ರ ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡು ಮನೆಗೆ ಬಂದೆ.

ಅದೇ ವಾರ ಶಾಂತಮ್ಮ ಬಂದಳು. ನಾಟಿ ಕೆಲಸದ ಹೆಂಗಸು, ಸಭೆಯವಳು. ಗರ್ಭಕೋಶದ ಆಪರೇಷನ್ನಿಗೆ ಬಳ್ಳಾರಿಗೆ ಹೊರಟಿದ್ದಳು. ಕೈಯಲ್ಲಿ ಬಟ್ಟೆಯ ಚೀಲ, ಮುಖದಲ್ಲಿ ರಕ್ತ ಇಲ್ಲ. ನಮ್ಮಲ್ಲಿ ದೊಡ್ಡ ಆಸ್ಪತ್ರೆಗೆ ಹೋಗುವವರು ಉಪದೇಶಿಗಳ ಕೈ ತಲೆಯ ಮೇಲೆ ಇಡಿಸಿಕೊಳ್ಳದೆ ಬಸ್ಸು ಹತ್ತುವುದಿಲ್ಲ. ಹಿಂದೆಯೇ ಸಮುವೇಲಪ್ಪನೂ ಇನ್ನಿಬ್ಬರೂ ಬಂದರು.

"ಶಾಂತವ್ವ, ನಾ ಪ್ರಾರ್ಥನಿ ಮಾಡ್ತೀನಿ ಬಾ. ಅಯ್ಯನವ್ರಿಗೆ ತೊಂದ್ರಿ ಬ್ಯಾಡ," ಅಂದರು ಸಮುವೇಲಪ್ಪ.

"ನೀವೂ ಮಾಡ್ರಿ, ಬ್ಯಾಡ ಅಂದೋರ್ಯಾರು? ಮೊದಲು ಇವರು ಮಾಡ್ಲಿ."

"ಇವರ ಬಾಯಾಗ ಏನು ಬರ್ತೈತಿ ಗೊತ್ತಿಲ್ಲೇನು ನಿನಗ?"

"ಬರ್ಲಿ ಬಿಡ್ರಿ. ಹೊಟ್ಟಿ ಹಿಂಡಿದಾಗ ಗದ್ದ್ಯಾಗ ನಾನೂ ಅದನ್ನ ಅಂತೀನಿ. ನನಗ ಭಾಳ ಅಂಜಿಕಿ ಆಗೇತ್ರಿ. ಅಂಜಿದವರ ಕೈ ಬೇಕು ನನಗ."

ಮಂಚದ ಪಕ್ಕ ಮೊಣಕಾಲೂರಿ, ಅವರ ಎಡಗೈ ಎಳೆದು ತನ್ನ ತಲೆಯ ಮೇಲೆ ತಾನೇ ಇಟ್ಟುಕೊಂಡಳು. ಅವರು ಕೈ ಹಿಂದಕ್ಕೆ ಎಳೆದರು, ಅವಳು ಬಿಡಲಿಲ್ಲ. ನನ್ನ ಕಡೆ ನೋಡಿದರು. ಆ ಕಣ್ಣಿನಲ್ಲಿದ್ದ ಭಯ ನಾನು ಸಾಯುವ ತನಕ ಮರೆಯುವುದಿಲ್ಲ. "ಮಾಡ್ರಿ," ಅಂದೆ.

ಅವರು ಕಣ್ಣು ಮುಚ್ಚಿದರು. ಬಂತು.

"ಬೋಳಿಮಗನ."

ಯಾರೋ ಉಸಿರು ಎಳೆದುಕೊಂಡರು. ಅವರು ನಿಲ್ಲಿಸಲಿಲ್ಲ. ಮತ್ತೆ ಅಂದರು, ಮತ್ತೆ. ಮೊದಲು ಸಣ್ಣ ದನಿಯಲ್ಲಿ, ದೇವರನ್ನು ಸ್ತುತಿಸುವಾಗ ಇರುತ್ತಿದ್ದ ದನಿ. ಆಮೇಲೆ ದನಿ ಏರಿತು, ಈಗ ಶಾಂತಮ್ಮನ ಹೆಸರು ಹೇಳುತ್ತಿದ್ದಾರೆ ಎಂದು ನನಗೆ ತಿಳಿಯಿತು. ಒಂದು ಕಡೆ ಗಂಟಲು ಕಟ್ಟಿತು, ಅದು ಡಾಕ್ಟರ ಕೈಗಾಗಿ ಬೇಡಿದ್ದು. ಅವರ ಪ್ರಾರ್ಥನೆಯ ಏರು ಇಳಿವು ನನಗೆ ಅವರ ಹೆಜ್ಜೆಸಪ್ಪಳದಷ್ಟೇ ಗೊತ್ತು. ಕಣ್ಣೀರು ಗದ್ದದಿಂದ ಶಾಂತಮ್ಮನ ಕೂದಲಿಗೆ ಇಳಿಯುತ್ತಿತ್ತು. ಹೊಲಸು ಮಾತೊಂದೇ, ಆದರೆ ಅಷ್ಟು ಬತ್ತಲೆಯಾದ ಪ್ರಾರ್ಥನೆಯನ್ನು ಆ ಬಾಯಿಂದಲೂ ನಾನು ಕೇಳಿರಲಿಲ್ಲ. ಘಾಟಿ ಇಳಿದ ಆ ಒಬ್ಬನಿಗೆ ಇದು ತಿಳಿಯದಿದ್ದರೆ ಇನ್ನಾರಿಗೆ ತಿಳಿದೀತು?

ಕೊನೆಗೆ ದನಿ ಇಳಿಯಿತು. ನಿಂತಿತು.

ಇದಕ್ಕೆ ಯಾರು ಏನು ಹೇಳಬೇಕು?

"ಆಮೆನ್," ಅಂದರು ಸಮುವೇಲಪ್ಪ. ಆಮೇಲೆ ಎಲ್ಲರೂ ಅಂದರು.

ಶಾಂತಮ್ಮ ಎದ್ದು ಸೆರಗು ಸರಿಮಾಡಿಕೊಂಡು, "ಬಸ್ಸು ಹೋದೀತು, ಬರ್ತೀನ್ರಿ," ಎಂದು ಹೊರಟೇಬಿಟ್ಟಳು. ನಾನು ಒಲೆ ಹಚ್ಚಿ, ಮಡಕೆಯ ಅಕ್ಕಿಯನ್ನೇ ತೊಳೆದು ಇಟ್ಟೆ. ಮೆತ್ತಗೆ ಬೇಯಿಸಿ, ಮಜ್ಜಿಗೆ ಕಲಸಿ ತಟ್ಟೆ ಮುಂದಿಟ್ಟೆ. ಅವರು ತಟ್ಟೆಯನ್ನು ನೋಡಿದರು. ಎಡಗೈಯನ್ನು ಅನ್ನದೊಳಗೆ ಇಟ್ಟರು. ಅರ್ಧ ತುತ್ತು ಅಂಗಿಯ ಮೇಲೆ ಬಿತ್ತು, ಅರ್ಧ ಬಾಯಿಗೆ ಹೋಯಿತು. ನಾನು ಅಡಿಗೆ ಮನೆಗೆ ಓಡಿ ಗೋಡೆಗೆ ಮುಖ ಹಚ್ಚಿ ಅತ್ತೆ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಬಲಗೈ ಬಂದಿಲ್ಲ. ಬಿಪಿ ಮಾತ್ರೆ ತಪ್ಪುವ ಹಾಗಿಲ್ಲ, ಇನ್ನೊಂದು ಸ್ಟ್ರೋಕ್ ಆದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ, ಅವರು ಸೀನಿದರೂ ನನ್ನ ಎದೆ ಧಸಕ್ಕನ್ನುತ್ತದೆ. ಬೇರೆ ಮಾತು ಒಂದೂ ಬಂದಿಲ್ಲ. ಶಾಂತಮ್ಮ ಸೊರಗಿ ಸಣ್ಣಗಾಗಿ ತಿರುಗಿ ಬಂದಿದ್ದಾಳೆ, ಇನ್ನೂ ಗದ್ದೆಗೆ ಇಳಿದಿಲ್ಲ. ಚರ್ಚಿನಲ್ಲಿ ಇವರನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಹೊಸದಾಗಿ ಬಂದವರು ಗಾಬರಿಯಾದರೆ ಸಮುವೇಲಪ್ಪನೇ ಕಿವಿಯಲ್ಲಿ ಹೇಳುತ್ತಾರೆ.

ಊಟದ ಪ್ರಾರ್ಥನೆ ಮನೆಯಲ್ಲಿ ಈಗಲೂ ಅವರದೇ. ನಾನು ಮಾಡುತ್ತೇನೆಂದರೆ ಕೇಳುವುದಿಲ್ಲ. ಕಣ್ಣು ಮುಚ್ಚಿ, ಅದೊಂದೇ ಮಾತಿನಲ್ಲಿ ಸಭೆಯ ಮನೆಗಳನ್ನೆಲ್ಲ ಒಂದೊಂದಾಗಿ ಹೆಸರಿಸುತ್ತಾ ಹೋಗುತ್ತಾರೆ. ಒಂದು ಮನೆಯನ್ನೂ ಬಿಡುವುದಿಲ್ಲ. ಅಷ್ಟರಲ್ಲಿ ಅನ್ನ ಆರಿ ಹೋಗುತ್ತದೆ.

ಆರಲಿ.