ಗಂಟಲಕ್ಕನ ಹೇಳಿಕೆ

ಊರಿಗೆಲ್ಲ ಆಕೆ ಗಂಟಲಕ್ಕ. ಬಟ್ಟೆ ಗಿರಣಿಯ ನೂರಿಪ್ಪತ್ತು ಮಗ್ಗಗಳ ಅಬ್ಬರದ ಎದುರು ಇಪ್ಪತ್ತೆರಡು ವರ್ಷ ನಿಂತು ಗೆದ್ದ ಗಂಟಲು ಅದು. ಗಿರಣಿ ಬಾಗಿಲು ಹಾಕಿತು, ಗಂಟಲು ಹಾಕಲಿಲ್ಲ. ಆಮೇಲೆ ಅದೇ ಗಿರಣಿಯ ಗೇಟಿನ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು, ಹರಿದ ಜೇಬು, ಕೆಟ್ಟ ಜಿಪ್ಪುಗಳ ಮೇಲೆ ಹನ್ನೊಂದು ವರ್ಷ ರಾಜ್ಯಭಾರ ಮಾಡಿದಳು.

ಈಗ ನಗರಸಭೆ ಪಾಳುಬಿದ್ದ ಗಿರಣಿಯನ್ನು ಅಂಗಡಿಗಳ ಸಂಕೀರ್ಣ ಮಾಡಲು ಹೊರಟಿತ್ತು. ಗೇಟಿನ ಬದಿಯವರೆಲ್ಲ ಏಳಬೇಕು. ಹತ್ತು ವರ್ಷ ಅಲ್ಲೇ ದುಡಿದವರು ವಿಚಾರಣೆಗೆ ಬಂದು ಹೇಳಿಕೆ ಕೊಟ್ಟರೆ ಒಳಗೊಂದು ಮಳಿಗೆ, ಇಲ್ಲದಿದ್ದರೆ ರಸ್ತೆಯೇ ಗತಿ.

ಗಂಟಲಕ್ಕ ಮೂರು ದಿನ ಕನ್ನಡಿಯ ಮುಂದೆ ಭಾಷಣ ಗುಡುಗಿದಳು. ಪಕ್ಕದ ಮನೆಯವರಿಗೂ ಅದು ಬಾಯಿಪಾಠವಾಯಿತು. ನಾಲ್ಕನೆಯ ದಿನ, ವಿಚಾರಣೆಯ ಬೆಳಿಗ್ಗೆ, ಗಂಡನನ್ನು ಕರೆಯಲು ಬಾಯಿ ತೆರೆದರೆ ಬರೀ ಗಾಳಿ! ಗಂಡ ಮೊದಲು ಗಾಬರಿಯಾದ. ಆಮೇಲೆ ಮದುವೆಯಾದಾಗಿನಿಂದ ಮೊದಲ ಸಲ ರೇಡಿಯೊ ಸುದ್ದಿಯನ್ನು ಪೂರ್ತಿ ಕೇಳಿದ.

ವಿಚಾರಣೆ ನಡೆದದ್ದು ಹಳೆಯ ನೇಯ್ಗೆ ಶೆಡ್ಡಿನಲ್ಲೇ. ಅವಳ ಸರದಿ ಬಂತು. ತುಟಿ ಅಲ್ಲಾಡಿತು, ಸದ್ದಿಲ್ಲ.

"ಸ್ವಲ್ಪ ಜೋರಾಗಿ ಹೇಳಿ ಅಮ್ಮಾ," ಎಂದ ಅಧಿಕಾರಿ.

"ಗಂಟಲಕ್ಕನ ಫ್ಯೂಸು ಹೋಗಿದೆ!" ಎಂದು ಯಾರೋ ಕೂಗಿದರು. ಶೆಡ್ಡೆಲ್ಲ ಗೊಳ್ಳೆಂದಿತು.

ಆಗ ಕೊನೆಯ ಬೆಂಚಿನಿಂದ ಅವಳ ನಾದಿನಿ ಎದ್ದಳು. ಗಂಟಲಕ್ಕನ ಕತ್ತರಿಯನ್ನು ಒಯ್ದ ನಾದಿನಿ ವಾಪಸು ಕೊಡಲಿಲ್ಲವೆಂದು ಇಬ್ಬರೂ ಮಾತು ಬಿಟ್ಟು ಏಳು ವರ್ಷ. ಗಿರಣಿ ಮುಚ್ಚಿದಾಗಿನಿಂದ ನಾದಿನಿಗೆ ನೆಟ್ಟಗೆ ಒಂದು ಕೆಲಸ ಸಿಕ್ಕಿರಲಿಲ್ಲ.

"ಬರ್ಕೊಳ್ಳಿ ಸಾರ್, ಇವಳು ಹೇಳ್ತಿರೋದು ನಂಗೆ ಕಾಣಿಸ್ತಿದೆ."

"ಅಷ್ಟು ದೂರದಿಂದ?"

"ಇಲ್ಲೇ ಎದುರುಬದುರು ಮಗ್ಗ ನಮ್ಮದು. ಆ ಗದ್ದಲದಲ್ಲಿ ಕಿವಿ ಯಾರಿಗೆ ಬೇಕಿತ್ತು? ತುಟಿ ನೋಡೇ ಮಾತು. ಇವಳ ಬೈಗುಳ ಇದಕ್ಕಿಂತ ದೂರದಿಂದ ಓದಿದೀನಿ."

ಗಂಟಲಕ್ಕನ ತುಟಿ ಆಡಿತು, ನಾದಿನಿಯ ದನಿ ಮೊಳಗಿತು: "ಹನ್ನೊಂದು ವರ್ಷ ಗೇಟಿನ ಹತ್ರ ಹೊಲಿದಿದೀನಿ. ಸಾಕ್ಷಿ ಬೇಕಾ? ಈ ಗುಮಾಸ್ತರ ಪ್ಯಾಂಟಿನ ಜಿಪ್ಪು ಹಾಕಿದ್ದೂ ನಾನೇ."

ಗುಮಾಸ್ತ ಫೈಲನ್ನು ಮಡಿಲಿಗೆ ಎಳೆದುಕೊಂಡ. ಇದಕ್ಕಿಂತ ಗಟ್ಟಿ ಪುರಾವೆ ಯಾವ ಕಚೇರಿ ಕಂಡಿತ್ತು!

ಗಂಟಲಕ್ಕನ ತುಟಿ ಮುಚ್ಚಿತು. ನಾದಿನಿಯ ಬಾಯಿ ಮುಚ್ಚಲಿಲ್ಲ. "ಒಬ್ಬಳ ಕೈಲಿ ಆಗಲ್ಲ. ನನ್ನ ನಾದಿನಿ ಗುಂಡಿ, ಕಾಜಾ ನೋಡ್ಕೋತಾಳೆ. ಮಳಿಗೆ ಇಬ್ಬರ ಹೆಸರಿಗೂ ಬರೀರಿ."

ಹಗಲುದರೋಡೆ! ಗಂಟಲಕ್ಕ ಎರಡೂ ಕೈ ಎತ್ತಿ ಅರಚಿದಳು, ಗಾಳಿ ಬಂತು.

"ಹೌದೇನಮ್ಮಾ? ತಲೆ ಅಲ್ಲಾಡಿಸಿದರೆ ಸಾಕು," ಎಂದ ಅಧಿಕಾರಿ.

ಅವಳು ಕೆಂಗಣ್ಣಿನಿಂದ ಕೊನೆಯ ಬೆಂಚಿನತ್ತ ನೋಡಿದಳು. ಈಗ ಅಲ್ಲಿಯೂ ಸದ್ದಿಲ್ಲ, ಬರೀ ತುಟಿ: "ಕತ್ತರಿ ತಂದಿದೀನಿ ಅತ್ತಿಗೆ."

ಎತ್ತಿದ್ದ ಎರಡೂ ಕೈ ಕೆಳಗಿಳಿದವು. ಆಮೇಲೆ ಗಂಟಲಕ್ಕ ಹೌದೆಂಬಂತೆ ತಲೆ ಆಡಿಸಿದಳು.

ದನಿ ಮರಳಿದ್ದು ಮೂರನೆಯ ದಿನ. ಅವಳ ಮೊದಲ ಮಾತು ಎರಡು ಬೀದಿಗೆ ಕೇಳಿಸಿತು: "ಏಳು ವರ್ಷ ಇಟ್ಕೊಂಡು ಒಂದ್ಸಲ ಸಾಣೆ ಹಿಡಿಸೋಕೆ ಆಗ್ಲಿಲ್ವೇನೇ ನಿಂಗೆ?"