ಟೆಂಪೋದಲ್ಲಿ ಕೂರದ ಹುಡುಗಿಯರು

ಕೋವಿಡ್ ಕಳೆದು ಕಾಲೇಜುಗಳು ಮತ್ತೆ ತುಂಬಿದ ವರ್ಷ ಅದು. ಜಮಖಂಡಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಫಿಜಿಕಲ್ ಡೈರೆಕ್ಟರ್ ಆಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಜೀವನವಿಡೀ ಖೋಖೋ, ಕಬಡ್ಡಿ ಆಡಿಸಿದವಳ ಕೋಣೆಗೆ ಒಂದು ದಿನ ಕ್ರೀಡಾ ಅನುದಾನದಲ್ಲಿ ಮೂರು ಕೆನೋ ಬಂದವು. ಕೆನೋ ಎಂದರೆ ಉದ್ದನೆಯ ಸಪೂರ ದೋಣಿ. ಒಂದರಲ್ಲಿ ಇಬ್ಬರು ಕೂತು ಹುಟ್ಟು ಹಾಕಬಹುದು. ಅವನ್ನು ಯಾರು ಕೇಳಿದ್ದರೋ ದೇವರಿಗೇ ಗೊತ್ತು. ತಿಂಗಳು ಕಳೆಯುವುದರೊಳಗೆ ನಮ್ಮ ಸಿಬ್ಬಂದಿ ಅವುಗಳ ಮೇಲೆ ಮುರಿದ ಕುರ್ಚಿಗಳನ್ನು ಪೇರಿಸಿದ್ದರು.

ನನಗೆ ಅದನ್ನು ಸಹಿಸಲಾಗಲಿಲ್ಲ. ಕುರ್ಚಿ ಇಳಿಸಿ, ಧೂಳು ಒರೆಸಿ, ಯಾರಿಗೆ ಬೇಕೋ ಬನ್ನಿ ಎಂದು ನೋಟಿಸ್ ಬೋರ್ಡಿನಲ್ಲಿ ಬರೆದೆ. ಹುಡುಗರು ಬಂದು ಸೆಲ್ಫಿ ತೆಗೆದುಕೊಂಡು ಹೋದರು. ಉಳಿದವರು ಐವರು ಹುಡುಗಿಯರು. ಈಜು ಬರದಿದ್ದರೆ ದೋಣಿ ಇಲ್ಲ ಎಂದು ಮೊದಲೇ ಹೇಳಿದೆ. ಲೋಕಾಪುರದ ಹತ್ತಿರ ನಮ್ಮ ಅಣ್ಣನ ತೋಟದಲ್ಲಿ ಮೆಟ್ಟಿಲಿನ ಬಾವಿ ಇದೆ. ಸೊಂಟಕ್ಕೆ ಟ್ರ್ಯಾಕ್ಟರ್ ಟ್ಯೂಬ್ ಕಟ್ಟಿ ಅಲ್ಲಿಯೇ ಕಲಿಸಿದೆ. ಎಲ್ಲರಿಗಿಂತ ಮೊದಲು ಟ್ಯೂಬ್ ಬಿಚ್ಚಿ ಎಸೆದವಳು ರೇಣುಕಾ, ಬನಹಟ್ಟಿಯ ಮಗ್ಗದ ಮನೆಯ ಹುಡುಗಿ.

ಯೋಜನೆ ಸರಳವಾಗಿತ್ತು. ಮುಧೋಳದ ಕೆಳಗಿನ ಒಂದು ಹಳ್ಳಿಯ ಹೊಳೆಘಟ್ಟದಿಂದ ಬೆಳಿಗ್ಗೆ ಹೊರಟು, ಘಟಪ್ರಭೆಯಲ್ಲಿ ಇಳಿಯುತ್ತ, ಸಂಜೆಯೊಳಗೆ ಬೀಳಗಿ ಕಡೆಯ ಹಿನ್ನೀರು ಮುಟ್ಟುವುದು. ಮಳೆಗಾಲ ಮುಗಿದ ಮೇಲೆ ಅಲ್ಲಿ ಹೊಳೆ ಬಹಳ ಮೆತ್ತಗಿರುತ್ತದೆ. ಆದರೆ ಆಡಳಿತ ಮಂಡಳಿಯ ಅಧ್ಯಕ್ಷರು ಮೆತ್ತಗಿರಲಿಲ್ಲ.

"ಮೇಡಮ್ಮಾರ, ಹುಡುಗ್ಯಾರನ್ನ ಹೊಳ್ಯಾಗ ಬಿಟ್ಟು ನಾಳೆ ಏನಾರ ಆತಂದ್ರ ಜವಾಬ್ದಾರಿ ಯಾರ್ರಿ?" ಎಂದರು. "ಮೊದಲ ಈ ಹೊಳಿ ಪೂರಾ ಗೊತ್ತಿದ್ದ ಒಬ್ಬ ಮನಷ್ಯಾನ್ನ ಕರಕೊಂಡ ಬರ್ರಿ. ಆಮ್ಯಾಲೆ ಮಾತಾಡೂಣು." ಅಂಥವರು ಸಿಗದಿದ್ದರೆ ಕೆನೋಗಳನ್ನು ಬೇರೆ ಕಾಲೇಜಿಗೆ ಕೊಟ್ಟುಬಿಡುವುದೆಂದೂ ಅಲ್ಲಿಯೇ ತೀರ್ಮಾನವಾಯಿತು.

ಹುಡುಕಲು ಹೊರಟೆವು. ಆಗ ತಿಳಿಯಿತು, ಅಂಥ ಮನುಷ್ಯನೇ ಇಲ್ಲ. ನಮ್ಮ ಕಡೆಯವರು ಹೊಳೆಯನ್ನು ಅಡ್ಡಲಾಗಿ ಬಲ್ಲವರು: ಯಾವ ಸೇತುವೆ ಯಾವಾಗ ಮುಳುಗುತ್ತದೆ, ಎಲ್ಲಿ ದಾಟಿದರೆ ಬೀಗರೂರು ಹತ್ತಿರ, ಎಲ್ಲ ಗೊತ್ತು. ಉದ್ದಕ್ಕೆ ಕೇಳಿದರೆ ಒಬ್ಬೊಬ್ಬನಿಗೆ ತನ್ನ ಹೊಲದ ಮುಂದಿನ ನೀರಷ್ಟೇ ಗೊತ್ತು. "ನಮ್ಮ ಹೊಲದ ಬಾಂದದ ತನಕ ನಾ ಹೇಳ್ತೀನ್ರಿ. ಅದರಾಚಿಗೆ ಅವರನ್ನ ಕೇಳ್ರಿ" ಎಂದು ಪ್ರತಿಯೊಬ್ಬ ಕಬ್ಬಿನವನೂ ನಮ್ಮನ್ನು ಮುಂದಿನವನ ಕೈಗೆ ಒಪ್ಪಿಸಿದ.

ಹಾಗೇ ನಡೆದೆವು. ರಜೆ ಸಿಕ್ಕಾಗಲೆಲ್ಲ, ಬಿಟ್ಟಲ್ಲಿಂದ ಶುರುಮಾಡಿ, ಹುಡುಗಿಯರೂ ನಾನೂ ದಂಡೆ ಪೂರಾ ತುಳಿದೆವು. ಕಬ್ಬಿನ ರವದಿ, ಅಂದರೆ ಒಣಗರಿ, ಕೈ ಮೈ ಎಲ್ಲ ಗೀರಿತು. ನೀರು ನಿಲ್ಲಿಸಲು ಗೇಟು ಹಾಕುವ ಬ್ಯಾರೇಜ್‌ಗಳಲ್ಲಿ ದೋಣಿಯನ್ನು ಯಾವ ಬದಿಯಿಂದ ಹೊತ್ತು ಇಳಿಸಬೇಕು ಎಂದು ಗುರುತು ಹಾಕಿಕೊಂಡೆವು. ದೋಣಿ ಹೊತ್ತು ದಾಟಿಸುವ ಈ ಕೆಲಸಕ್ಕೆ ಪೋರ್ಟೇಜ್ ಎನ್ನುತ್ತಾರೆ. ಪಂಪ್‌ಸೆಟ್ಟಿನ ಪೈಪುಗಳು ಎಲ್ಲೆಲ್ಲಿ ನೀರಿಗೆ ಚಾಚಿವೆ, ನೋಡಿದೆವು. ನಮ್ಮಲ್ಲಿ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ಹಗಲು ಮೋಟಾರುಗಳು ಬಂದ್ ಇರಲೆಂದು ರಾತ್ರಿ ಪಾಳಿಯ ವಾರವನ್ನೇ ಆರಿಸಿದೆವು.

ಎರಡನೆಯ ಸಭೆಗೆ ಐವರನ್ನೂ ಕರೆದುಕೊಂಡೇ ಹೋದೆ.

"ಎಲ್ಲ್ಯದಾನ್ರಿ ಆ ಮನಷ್ಯಾ?" ಎಂದರು ಅಧ್ಯಕ್ಷರು.

"ಇವರ ನೋಡ್ರಿ" ಎಂದೆ.

ಅವರು ನಕ್ಕರು. ಸುತ್ತಲಿದ್ದವರೂ ನಕ್ಕರು. ಅವರ ಕೆಲಸವೇ ಅದು. ನಗು ನಿಲ್ಲುವ ಮೊದಲೇ ರೇಣುಕಾ ಎದ್ದು ನಿಂತಳು. 

"ಸರ್, ಜವಾಬ್ದಾರಿ ಯಾರದು ಅಂತ ಕೇಳಿದ್ರಿ. ಅಷ್ಟೂ ಹೊಳ್ಯಾಗ ಜೀವಕ್ಕ ಕುತ್ತ ತರೂ ಜಾಗಾ ಒಂದ ಐತ್ರಿ. ಅದು ನಿಮ್ಮ ಹೊಲದ ಮುಂದ. ನಿಮ್ಮ ಮೋಟಾರಿನ ಕೇಬಲ್ ಸುಲದು ನೀರಾಗ ಬಿದ್ದೈತಿ. ಅಲ್ಲೇ ದನಾ ನೀರ ಕುಡೀತಾವ, ಹೆಣ್ಣಮಕ್ಕಳು ಅರಬಿ ಒಗೀತಾರ. ನಿಮ್ಮ ಆಳಿಗೆ ಹೇಳಿದ್ರ, ಸಾಹೇಬ್ರು ಹೇಳಿದ್ರ ತಗೀತೀನಿ ಅಂದ. ಅದರ ಜವಾಬ್ದಾರಿ ಯಾರದ್ರಿ?"

ನನ್ನ ಎದೆ ಉಬ್ಬಿತ್ತು, ಮುಚ್ಚಿಡುವುದೇಕೆ. ಅಧ್ಯಕ್ಷರು ಚಹಾದ ಕಪ್ಪು ಸರಿಸಿ, "ಕೇಬಲ್ ತಗಸ್ತೀನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆದ್ರ ದೋಣಿ ಹುಡುಗ್ರು ನಡಸ್ಲಿ. ಹುಡುಗ್ಯಾರು ಟೆಂಪೋದಾಗ ದಂಡಿಗುಂಟ ಬಂದು ಊಟದ ವ್ಯವಸ್ಥಾ ನೋಡ್ಲಿ. ಇದಕ್ಕ ಒಪ್ಪಿದ್ರ ಈಗ ಸಹಿ ಮಾಡ್ತೀನಿ" ಎಂದರು.

"ಬ್ಯಾಡ್ರಿ. ನಿಮ್ಮ ಸಹಿ ನಿಮ್ಮ ಕಡೆನ ಇರ್ಲಿ" ಎಂದು ಎದ್ದು ಬಂದೆ.

ಆ ಭಾನುವಾರ ಕೆನೋಗಳನ್ನು ನಾನೇ ಟೆಂಪೋಕ್ಕೆ ಹೇರಿಸಿದೆ. ಘಟ್ಟದಲ್ಲಿ ತಾಯಂದಿರು ಕಾದಿದ್ದರು. ಹೊಳೆಗೆ ಇಳಿಯುವ ಹೆಣ್ಣುಮಕ್ಕಳನ್ನು ಉಡಿ ತುಂಬದೆ ಕಳಿಸುವುದು ಹೇಗೆ? ಆದರೆ ಲೈಫ್ ಜಾಕೆಟ್ಟಿಗೆ ಸೆರಗಿಲ್ಲ. ರೇಣುಕಾಳ ತಾಯಿ ಕಾಶವ್ವ ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಒಂದು ಗಳಿಗೆ ದಿಕ್ಕು ತೋಚದೆ ನಿಂತಳು. ಮಗಳು ಹುಟ್ಟಿನ ಅಗಲ ತುದಿಯನ್ನು ಮುಂದೆ ಚಾಚಿದಳು. ಕಾಶವ್ವ ಅದರ ಮೇಲೆಯೇ ಉಡಿ ತುಂಬಿದಳು. ಉಳಿದ ತಾಯಂದಿರೂ ಹಾಗೆಯೇ ಮಾಡಿದರು. ಐವರೂ ಹುಟ್ಟು ತಿರುಗಿಸಿ ಅಕ್ಕಿಯನ್ನು ನೀರಿಗೆ ಬಿಟ್ಟರು.

"ಗಂಗವ್ವಾ, ನಾ ಊರ ಬಿಟ್ಟು ಎಲ್ಲೂ ಹೋಗಲಿಲ್ಲ. ಇಕೀನ್ನಾರ ಕರಕೊಂಡ ಹೋಗ" ಎಂದು ಕಾಶವ್ವ ಕೈ ಮುಗಿದಳು. ನನ್ನ ಕಣ್ಣು ತುಂಬಿದವು.

ಆರನೆಯ ಸೀಟಿನಲ್ಲಿ ನಾನು ಕೂತೆ. ದಂಡೆಗುಂಟ ಟೆಂಪೋ ಬಂತು, ನಿಜ. ಅದರಲ್ಲಿ ಊಟದ ವ್ಯವಸ್ಥೆ ನೋಡಲು ನಾಲ್ವರು ಹುಡುಗರಿದ್ದರು. ಕೇಳಿದ ತಕ್ಷಣ ಒಪ್ಪಿದ್ದರು, ಪಾಪ. ಪಲಾವ್ ತುಸು ಸೀದಿತ್ತು. ಯಾರೂ ದೂರಲಿಲ್ಲ.

ಅಧ್ಯಕ್ಷರ ಹೊಲದ ಮುಂದೆ ಬಂದಾಗ ಅವರೇ ದಂಡೆಯ ಮೇಲೆ ನಿಂತಿದ್ದರು. ಕೇಬಲ್ ಇರಲಿಲ್ಲ. "ತಗಸಿದ್ದು ಛಲೋ ಆತ್ರಿ ಸರ್!" ಎಂದು ರೇಣುಕಾ ಕೂಗಿದಳು. ಅವರ ಕೈ ಅರ್ಧ ಮೇಲೆದ್ದು ಹಾಗೆಯೇ ನಿಂತಿತು. ಹೊತ್ತು ಮುಳುಗುವ ಮೊದಲು ಹಿನ್ನೀರು ಮುಟ್ಟಿದೆವು.

ಸೋಮವಾರ ನನಗೆ ನೋಟಿಸ್ ಬಂತು: ಅನುಮತಿಯಿಲ್ಲದ ಈ ಪ್ರವಾಸದ ಜವಾಬ್ದಾರಿ ಯಾರದು? ನನ್ನದು ಎಂದು ಉತ್ತರ ಬರೆಯುತ್ತಿದ್ದಾಗ ಐವರೂ ಬಂದು, ನಮ್ಮ ಹೆಸರೂ ಹಾಕ್ರಿ ಎಂದು ಹಟ ಹಿಡಿದರು. ಹಾಕಿದೆ. ಆ ಉತ್ತರಕ್ಕೆ ಇವತ್ತಿನವರೆಗೂ ಯಾರೂ ಮರುತ್ತರ ಕೊಟ್ಟಿಲ್ಲ. ಕೆನೋಗಳು ನಮ್ಮ ಕಾಲೇಜಿನಲ್ಲೇ ಉಳಿದವು.

ನನ್ನ ನೌಕರಿ ನನಗೆ ಕಲಿಸಿದ್ದು ಇಷ್ಟು. ಹೆಣ್ಣುಮಕ್ಕಳು ಹೊರಟಾಗಲೆಲ್ಲ ಜವಾಬ್ದಾರಿ ಯಾರದು ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರೊಂದಿಗೆ ವಾದಕ್ಕೆ ಇಳಿಯಬೇಡಿ. ಮೊದಲು ದಂಡೆ ಪೂರಾ ನಡೆದು ಬನ್ನಿ, ಅವರ ಹೊಲದ ಮುಂದೆಯೂ. ಆಮೇಲೆ ಹುಟ್ಟು ಕೈಗೆ ತೆಗೆದುಕೊಳ್ಳಿ.